ಕೀಲುಗಳಿಗೆ ಹಿಡಿದ ಕಿಲುಬು

ಹಳೆಯ ಪಿಯಾನೊದ ಒಂದು ಕೀ ಒತ್ತುತ್ತೀರಿ. ಸ್ವರ ಹೊರಡುತ್ತದೆ, ಆದರೆ ಬೆರಳು ತೆಗೆದರೂ ಕೀ ಮೇಲೇಳುವುದಿಲ್ಲ. ಇನ್ನೊಂದು ಕೀ ಏಳುತ್ತದೆ, ಆದರೆ ನಿಧಾನವಾಗಿ. ಅದೇ ಸ್ವರವನ್ನು ಬೇಗನೆ ಮತ್ತೊಮ್ಮೆ ನುಡಿಸಲು ಹೋದರೆ ಸದ್ದೇ ಬರುವುದಿಲ್ಲ. ಇದನ್ನು ಕಂಡವರು ‘ವಯಸ್ಸಾಯಿತು ಬಿಡಿ’ ಎಂದು ಮುಚ್ಚಳ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಿದ ಎಷ್ಟೋ ವಾದ್ಯಗಳು ಮುಂದೆ ಗುಜರಿ ಸೇರುತ್ತವೆ. ನನ್ನ ತಕರಾರು ಇರುವುದು ಇಲ್ಲೇ. ವಯಸ್ಸು ಯಾವ ಕೀಯನ್ನೂ ಹಿಡಿದು ನಿಲ್ಲಿಸಲಾರದು. ಹಿಡಿದು ನಿಲ್ಲಿಸುವುದು ಘರ್ಷಣೆ. ಅದು ಎಲ್ಲಿ ಹುಟ್ಟಿತು, ಯಾವ ವಸ್ತು ಉಬ್ಬಿ ಅಥವಾ ಕೊಳೆತು ಹುಟ್ಟಿತು ಎಂಬುದನ್ನು ಪತ್ತೆ ಮಾಡಬಹುದು. ಪತ್ತೆಯಾದರೆ ಬಹುಪಾಲು ಸರಿಪಡಿಸಲೂಬಹುದು.

ಮೊದಲು ಒಳಗೆ ಏನಿದೆ ನೋಡೋಣ. ಕೀಯ ಮುಂತುದಿ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್. ಅಷ್ಟರಲ್ಲಿ ಒಳಗಿನ ಸುತ್ತಿಗೆ ಸುಮಾರು 45 ಮಿಲಿಮೀಟರ್ ಸಾಗಿ ತಂತಿಗೆ ಬಡಿಯಬೇಕು. ತಂತಿ ಇನ್ನು ಒಂದೆರಡು ಮಿಲಿಮೀಟರ್ ದೂರ ಇರುವಾಗಲೇ, ಸುತ್ತಿಗೆಯನ್ನು ಎತ್ತುತ್ತಿದ್ದ ‘ಜ್ಯಾಕ್’ ಎಂಬ ಪುಟ್ಟ ಮರದ ತುಂಡು ಅದರ ಕೆಳಗಿನಿಂದ ಜಾರಿಕೊಳ್ಳುತ್ತದೆ. ಉಳಿದ ದೂರವನ್ನು ಸುತ್ತಿಗೆ ಯಾರ ಆಸರೆಯೂ ಇಲ್ಲದೆ ತನ್ನ ವೇಗದಲ್ಲೇ ಸಾಗುತ್ತದೆ. ಬಡಿದು ತಕ್ಷಣ ಹಿಂದೆ ಬೀಳುತ್ತದೆ, ತಂತಿ ಬಿಡುವಾಗಿ ಕಂಪಿಸುತ್ತದೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ 1700ರ ಸುಮಾರಿಗೆ ಕಂಡುಹಿಡಿದದ್ದು ಮುಖ್ಯವಾಗಿ ಈ ಜಾರಿಕೊಳ್ಳುವ ಉಪಾಯವನ್ನು. 1821ರಲ್ಲಿ ಎರಾರ್ ಸಂಸ್ಥೆ ಪೇಟೆಂಟ್ ಪಡೆದ ಸುಧಾರಣೆ ಇದಕ್ಕೆ ಇನ್ನೊಂದು ಸನ್ನೆಯನ್ನು ಸೇರಿಸಿತು. ಬೀಳುತ್ತಿರುವ ಸುತ್ತಿಗೆಯನ್ನು ಅದು ನಡುದಾರಿಯಲ್ಲೇ ತಡೆದು ಹಿಡಿಯುತ್ತದೆ. ಹೀಗಾಗಿ ಕೀ ಪೂರ್ತಿ ಮೇಲೇಳುವ ಮೊದಲೇ ಜ್ಯಾಕ್ ತನ್ನ ಜಾಗಕ್ಕೆ ಮರಳಿ, ಅದೇ ಸ್ವರವನ್ನು ಮತ್ತೆ ನುಡಿಸಲು ಸಾಧ್ಯವಾಗುತ್ತದೆ.

ಇವೆಲ್ಲ ತಿರುಗುವುದು ಕೀಲುಗಳ ಮೇಲೆ. ಗ್ರ್ಯಾಂಡ್ ಪಿಯಾನೊದಲ್ಲಿ ಒಂದೊಂದು ಸ್ವರಕ್ಕೂ ನಾಲ್ಕು ಮುಖ್ಯ ಕೀಲುಗಳಿವೆ. ಸುತ್ತಿಗೆಗೆ ಒಂದು, ಜ್ಯಾಕ್‌ಗೆ ಒಂದು, ಎರಾರ್ ಸನ್ನೆಗೆ ಒಂದು, ಇವೆರಡನ್ನೂ ಹೊತ್ತು ಮೇಲೇಳುವ ‘ವಿಪ್ಪೆನ್’ ಎಂಬ ಭಾಗಕ್ಕೆ ಒಂದು. 88 ಕೀಗಳಿಗೆ 352 ಕೀಲುಗಳಾದವು. ತಂತಿಯ ನಾದವನ್ನು ನಿಲ್ಲಿಸುವ ಡ್ಯಾಂಪರ್‌ಗಳ ಕೀಲುಗಳು ಬೇರೆ. ಪ್ರತಿ ಕೀಲಿನ ನಡುವೆ ಒಂದೂಕಾಲು ಮಿಲಿಮೀಟರ್‌ಗಿಂತ ಕೊಂಚ ದಪ್ಪನೆಯ ಲೋಹದ ಸೂಜಿ ಇರುತ್ತದೆ. ಹಳೆಯ ವಾದ್ಯಗಳಲ್ಲಿ ಅದು ಹಿತ್ತಾಳೆಯದು, ನಿಕ್ಕಲ್ ಲೇಪಿಸಿದ ಹಿತ್ತಾಳೆಯದು ಅಥವಾ ಜರ್ಮನ್ ಸಿಲ್ವರ್‌ನದು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ; ಅದರಲ್ಲೂ ಹೆಚ್ಚಿನ ಪಾಲು ತಾಮ್ರವೇ. ಈ ಮಾತು ಮುಂದೆ ಬೇಕಾಗುತ್ತದೆ. ಸೂಜಿಯ ನಡುಭಾಗ ಮರದಲ್ಲಿ ಭದ್ರವಾಗಿ ಕೂತಿರುತ್ತದೆ. ಎರಡು ತುದಿಗಳು ಉಣ್ಣೆಬಟ್ಟೆಯ ಒಳಪದರ ಅಂಟಿಸಿದ ತೂತುಗಳಲ್ಲಿ ತಿರುಗುತ್ತವೆ. ಬಾಲ್ ಬೇರಿಂಗ್ ಇಲ್ಲ, ಗ್ರೀಸ್ ಇಲ್ಲ. ಮರ, ಉಣ್ಣೆ, ಸೂಜಿ ಇಷ್ಟೇ. ಸದ್ದು ಮಾಡದೆ, ಅಲುಗಾಡದೆ ಲಕ್ಷಾಂತರ ಸಲ ತಿರುಗಬಲ್ಲ ಕೀಲನ್ನು ಇಷ್ಟು ಸರಳ ಸಾಮಗ್ರಿಯಿಂದ ಮಾಡಿದ್ದಾರೆ ಎಂಬುದು ನನಗೆ ಇಂದಿಗೂ ಬೆರಗು.

ಸನ್ನೆಯ ಲೆಕ್ಕದಲ್ಲಿ ಒಂದು ಕಷ್ಟವಿದೆ. ಕೀಗಿಂತ ಸುತ್ತಿಗೆ ಸುಮಾರು ಐದು ಪಟ್ಟು ದೂರ ಚಲಿಸುವುದರಿಂದ, ಸುತ್ತಿಗೆಯ ತಲೆಯ ಬಳಿ ಒಂದು ಗ್ರಾಂನಷ್ಟು ತಡೆ ಹೆಚ್ಚಿದರೂ ಬೆರಳಿನ ಬಳಿ ಅದು ಐದು ಗ್ರಾಂ ಆಗಿ ಕಾಣುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಬಿಗಿತವೂ ನುಡಿಸುವವರ ಕೈಗೆ ಗೊತ್ತಾಗುವುದು ಇದರಿಂದಲೇ.

ಅಳೆಯುವ ವಿಧಾನ ಬಲು ಚೆಂದ, ಅದಕ್ಕೆ ಬೇಕಾಗಿರುವುದು ಕೆಲವು ಗ್ರಾಂ ತೂಕದ ಬಟ್ಟುಗಳಷ್ಟೇ. ಡ್ಯಾಂಪರ್‌ಗಳನ್ನು ಪೆಡಲ್‌ನಿಂದ ಎತ್ತಿಟ್ಟು, ಕೀಯ ಮುಂತುದಿಯ ಮೇಲೆ ಬಟ್ಟುಗಳನ್ನು ಒಂದೊಂದಾಗಿ ಇಡಿ. ಕೀ ನಿಧಾನವಾಗಿ ಇಳಿಯತೊಡಗಿದಾಗಿನ ತೂಕವನ್ನು ಬರೆದುಕೊಳ್ಳಿ. ಬಳಿಕ ಬಟ್ಟುಗಳನ್ನು ತೆಗೆಯುತ್ತಾ ಬನ್ನಿ. ಎಷ್ಟು ತೂಕ ಉಳಿದಾಗ ಕೀ ಅದನ್ನು ಹೊತ್ತುಕೊಂಡೇ ಮೇಲೇಳುತ್ತದೆ ನೋಡಿ. ಸುಸ್ಥಿತಿಯಲ್ಲಿರುವ ಒಂದು ಕೀ 52 ಗ್ರಾಂಗೆ ಇಳಿದು 24 ಗ್ರಾಂಗೆ ಎದ್ದಿತು ಎನ್ನಿ. ಎರಡರ ವ್ಯತ್ಯಾಸದ ಅರ್ಧ, ಅಂದರೆ 14 ಗ್ರಾಂ, ಘರ್ಷಣೆಯ ಪಾಲು. ಎರಡರ ಸರಾಸರಿ, 38 ಗ್ರಾಂ, ಸುತ್ತಿಗೆ ಮತ್ತು ಸನ್ನೆಗಳ ನಿಜವಾದ ಭಾರದ ಪಾಲು. ಪಕ್ಕದ ಮೊಂಡು ಕೀ 68ಕ್ಕೆ ಇಳಿದು 8ಕ್ಕೆ ಎದ್ದರೆ? ಸರಾಸರಿ ಅದೇ 38. ಘರ್ಷಣೆ ಮಾತ್ರ 30ಕ್ಕೆ ಏರಿದೆ. ನುಡಿಸುವವರು ‘ಈ ಪಿಯಾನೊ ಭಾರ’ ಎಂದು ದೂರುತ್ತಾರೆ, ಆದರೆ ಭಾರ ಒಂದು ಗ್ರಾಂ ಕೂಡ ಹೆಚ್ಚಿಲ್ಲ. ಈ ಲೆಕ್ಕ ಮಾಡದೆ, ಭಾರ ಇಳಿಸಲೆಂದು ಕೀಯೊಳಗೆ ಇನ್ನಷ್ಟು ಸೀಸ ತುಂಬಿದ ವಾದ್ಯಗಳಿವೆ. ಆಗ ಕೀ ಸುಲಭವಾಗಿ ಇಳಿಯುತ್ತದೆ ನಿಜ, ಮೇಲೇಳಲು ಇದ್ದ ಅಲ್ಪ ಬಲವೂ ಹೋಗುತ್ತದೆ.

ಘರ್ಷಣೆ ಎಲ್ಲಿಂದ ಬಂತು? ಅತಿ ಸಾಮಾನ್ಯ ಮತ್ತು ಅತಿ ಸೌಮ್ಯ ಕಾರಣ ತೇವ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ನೀರಾವಿಯನ್ನು ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ಹೀರಿಕೊಂಡ ಎಳೆಗಳು ಉಬ್ಬುತ್ತವೆ. ಹೊರಗಡೆ ಮರದ ಗೋಡೆ ಇರುವುದರಿಂದ ಅವು ಒಳಮುಖವಾಗಿ ಸೂಜಿಯನ್ನು ಅಮುಕುತ್ತವೆ. ಮರವೂ ಸುಮ್ಮನಿರುವುದಿಲ್ಲ. ಅದು ಹಿಗ್ಗುವುದು ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು, ಅವಕ್ಕೆ ಅಡ್ಡಲಾಗಿ ಅದರ ಅರ್ಧದಷ್ಟು, ಉದ್ದಕ್ಕೆ ಇಲ್ಲವೆಂಬಷ್ಟು. ಗುಂಡಗಿದ್ದ ತೂತು ಹೀಗೆ ನವಿರಾಗಿ ಆಕಾರ ಕೆಡುತ್ತದೆ. ಮಳೆಗಾಲದಲ್ಲಿ ಹಿಡಿದು ಬೇಸಿಗೆಯಲ್ಲಿ ಬಿಡುವ ಕೀ ಇದ್ದರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಇದಕ್ಕೆ ಪಿಯಾನೊ ದುರಸ್ತಿಯವರ ಹಳೆಯ ಮದ್ದು ನೀರು. ಉಬ್ಬಿದ ಬಟ್ಟೆಗೆ ಇನ್ನಷ್ಟು ನೀರೇ ಎಂದು ಅಚ್ಚರಿಯಾಗಬಹುದು. ಆಲ್ಕೋಹಾಲ್‌ಗೆ ಸ್ವಲ್ಪ ನೀರು ಬೆರೆಸಿ, ಸೂಜಿ ಹೊರಬರುವ ಎರಡೂ ಕಡೆ ಒಂದೊಂದು ಹನಿ ಬಿಡುತ್ತಾರೆ. ಆಲ್ಕೋಹಾಲ್ ಬಟ್ಟೆಯೊಳಕ್ಕೆ ಬೇಗ ನುಸುಳಿ ನೀರನ್ನೂ ಕರೆದೊಯ್ಯುತ್ತದೆ. ಉಣ್ಣೆ ಗರಿಷ್ಠ ಮಟ್ಟಕ್ಕೆ ಉಬ್ಬುತ್ತದೆ; ಹೊರಗೆ ಮರ, ಒಳಗೆ ಲೋಹ, ನಡುವೆ ಸಿಕ್ಕಿದ ಎಳೆಗಳು ತಮ್ಮನ್ನು ತಾವೇ ಅಮುಕಿಕೊಳ್ಳುತ್ತವೆ. ಒಣಗಿದ ಮೇಲೆ ಅವು ಮೊದಲಿಗಿಂತ ತೆಳ್ಳಗೆ ಕೂರುತ್ತವೆ, ಸೂಜಿಗೆ ಬೇಕಾದ ಬಿಡುವು ಸಿಗುತ್ತದೆ. ಆದರೆ ಪೂರ್ತಿ ಒಣಗಲು ಒಂದೆರಡು ದಿನ ಬಿಡಬೇಕು. ಹನಿ ಹೆಚ್ಚಾದರೆ ತೊಂದರೆ. ಹಳೆಯ ಪಿಯಾನೊಗಳಲ್ಲಿ ಬಳಸಿದ್ದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ ಅಂಟು; ಅದು ನೀರಿಗೆ ಕರಗುತ್ತದೆ, ಬಟ್ಟೆಯೇ ಕಳಚಿ ಬರುತ್ತದೆ.

ಈ ಮದ್ದು ಕೆಲಸ ಮಾಡದ, ಮಾಡಲೇ ಆಗದ ಒಂದು ಕಾಯಿಲೆ ಇದೆ. ಸೂಜಿಯನ್ನು ಹೊರಗೆಳೆದು ನೋಡಿದರೆ ಅದರ ಮೈಮೇಲೆ ಹಸಿರು ಜಿಡ್ಡು, ಬಟ್ಟೆಯ ತುಂಬ ಅದೇ ಬಣ್ಣ. ಇದು ಕಿಲುಬು. 20ನೇ ಶತಮಾನದ ಮೊದಲ ದಶಕಗಳಲ್ಲಿ ನ್ಯೂಯಾರ್ಕ್‌ನಲ್ಲಿ ತಯಾರಾದ ಸ್ಟೈನ್‌ವೇ ಪಿಯಾನೊಗಳಲ್ಲಿ ಇದು ಕಾಣಿಸಿಕೊಳ್ಳುವುದು ದುರಸ್ತಿಯ ಲೋಕದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಲೋಕದ ಅತ್ಯುತ್ತಮ ವಾದ್ಯಗಳ ಸಾಲಿಗೆ ಸೇರಿದ ಪಿಯಾನೊಗಳಿವು. ಅವುಗಳ ಕೀಲುಗಳಿಗೆ ಈ ಗತಿ ಬಂದದ್ದು ಅಸಡ್ಡೆಯಿಂದಲ್ಲ, ಹೆಚ್ಚಿನ ಕಾಳಜಿಯಿಂದ. ಬಟ್ಟೆಯೊಳಗೆ ತೇವ ಸೇರದಿರಲಿ, ಕೀಲು ನುಣುಪಾಗಿ ತಿರುಗಲಿ ಎಂದು ಮೇಣ, ಕೊಬ್ಬಿನಂಥ ಜಿಡ್ಡನ್ನು ಅದಕ್ಕೆ ಕುಡಿಸಿದ್ದರು.

ಕೊಬ್ಬಿನ ಅಣುವೆಂದರೆ ಗ್ಲಿಸರಾಲ್‌ಗೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳು. ವರ್ಷಗಳು ಕಳೆದಂತೆ ಗಾಳಿಯ ತೇವ ಆ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತದೆ; ಸ್ಟಿಯರಿಕ್, ಓಲಿಯಿಕ್ ಮುಂತಾದ ಆಮ್ಲಗಳು ಬಿಡುಗಡೆಯಾಗುತ್ತವೆ. ಪಕ್ಕದಲ್ಲೇ ತಾಮ್ರ ತುಂಬಿದ ಸೂಜಿ ಇದೆ. ಆಮ್ಲ ಮತ್ತು ತಾಮ್ರ ಸೇರಿ ತಾಮ್ರದ ಸಾಬೂನು ಹುಟ್ಟುತ್ತದೆ. ರಸಾಯನಶಾಸ್ತ್ರದ ಭಾಷೆಯಲ್ಲೂ ಇದು ಸಾಬೂನೇ. ಬಟ್ಟೆ ಒಗೆಯುವ ಸಾಬೂನಿನಲ್ಲಿ ಸೋಡಿಯಂ ಇರುವ ಜಾಗದಲ್ಲಿ ಇಲ್ಲಿ ತಾಮ್ರ ಕೂತಿದೆ. ದೇವರ ಮನೆಯ ಹಿತ್ತಾಳೆ ದೀಪವನ್ನು ಎಣ್ಣೆ ಸಮೇತ ತಿಂಗಳುಗಟ್ಟಲೆ ಬಿಟ್ಟರೆ ಬತ್ತಿಯ ಬುಡದಲ್ಲಿ ಕಟ್ಟುವ ಅಂಟಂಟು ಹಸಿರು ಹುಟ್ಟುವುದೂ ಹೀಗೆಯೇ. ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು. ಅಕ್ಕಿಕಾಳಿಗಿಂತ ಸಣ್ಣ ತೂತಿನೊಳಗಿನ ಉಣ್ಣೆಯನ್ನು ತಿಕ್ಕುವುದು ಹೇಗೆ? ನೀರು, ಆಲ್ಕೋಹಾಲ್‌ಗಳಿಗೆ ಈ ಸಾಬೂನು ಜಗ್ಗುವುದಿಲ್ಲ. ನ್ಯಾಫ್ತಾದಂಥ ದ್ರಾವಕದಿಂದ ತೊಳೆದು, ತೆಳುವಾದ ಸಿಲಿಕೋನ್ ಲೇಪ ಕೊಟ್ಟರೆ ಕೆಲಕಾಲ ಕೀಲು ಬಿಡುತ್ತದೆ. ಆದರೆ ಜಿಡ್ಡು ಮರದೊಳಕ್ಕೂ ಇಳಿದಿರುತ್ತದೆ. ಬಟ್ಟೆ ಬದಲಿಸಿ ಹೊಸ ಸೂಜಿ ಹಾಕಿದರೂ ಮರ ಹಳೆಯ ಆಮ್ಲವನ್ನು ಮತ್ತೆ ಉಣಿಸುತ್ತದೆ, ಹಸಿರು ಮರಳುತ್ತದೆ.

ಆದ್ದರಿಂದ ಕಿಲುಬು ಗಾಢವಾಗಿ ಹಿಡಿದ ಭಾಗಗಳನ್ನು ಇಡಿಯಾಗಿ ಬದಲಿಸುವುದೇ ಸರಿ ಎಂಬ ಪಕ್ಷ ನನ್ನದು. ಹಳೆಯದೆಲ್ಲ ಉಳಿಯಬೇಕು ಎಂಬ ಮಮತೆ ನನಗೂ ಇದೆ. ವಸ್ತುಸಂಗ್ರಹಾಲಯದಲ್ಲಿರುವ ವಾದ್ಯದ ವಿಷಯದಲ್ಲಿ ಆ ಮಮತೆಯೇ ಗೆಲ್ಲಬೇಕು. ಕ್ರಿಸ್ಟೊಫೊರಿ ಮಾಡಿದ ಪಿಯಾನೊಗಳಲ್ಲಿ ಇಂದು ಉಳಿದಿರುವುದು ಮೂರು: ನ್ಯೂಯಾರ್ಕ್, ರೋಮ್ ಮತ್ತು ಲೈಪ್‌ಜಿಗ್ ನಗರಗಳಲ್ಲಿ ಒಂದೊಂದು. ಅಲ್ಲಿನ ಒಂದು ಚಕ್ಕೆ ಮರವೂ ಸಾಕ್ಷ್ಯ. ಆದರೆ ಮಗುವೊಂದು ದಿನಾ ಕೂತು ಅಭ್ಯಾಸ ಮಾಡುವ ವಾದ್ಯದಲ್ಲಿ, ಮೂಲ ಭಾಗವೆಂಬ ಒಂದೇ ಕಾರಣಕ್ಕೆ ಹಿಡಿದುಕೊಂಡ ಕೀಲನ್ನು ಉಳಿಸಿದರೆ ಆ ಮಗುವಿನ ಕೈಯನ್ನು ಕೆಡಿಸಿದಂತೆ. ಕಳಚಿದ ಹಳೆಯ ಭಾಗಗಳಿಗೆ ಸಂಖ್ಯೆ ಬರೆದು ಪೊಟ್ಟಣ ಕಟ್ಟಿ ವಾದ್ಯದ ಜೊತೆ ಇಟ್ಟರಾಯಿತು.

ಉಣ್ಣೆಯೇ ಇಲ್ಲದ ಕೀಲು ಮಾಡಿದರೆ ಹೇಗೆ? ಸ್ಟೈನ್‌ವೇ ಅದನ್ನೂ ಮಾಡಿ ನೋಡಿತು. 1962ರಿಂದ ನ್ಯೂಯಾರ್ಕ್ ಕಾರ್ಖಾನೆಯಲ್ಲಿ ಬಟ್ಟೆಯ ಬದಲು ಟೆಫ್ಲಾನ್ ಬುಶ್‌ಗಳು ಬಂದವು. ಟೆಫ್ಲಾನ್ ನೀರು ಕುಡಿಯದು, ಕಿಲುಬು ಹಿಡಿಯದು, ಘರ್ಷಣೆಯೂ ಅತ್ಯಲ್ಪ. ಕಾಗದದ ಮೇಲೆ ಕೊರತೆಯೇ ಇಲ್ಲ. ಆದರೆ ಅದರ ಸುತ್ತಲಿನ ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಲೇ ಇತ್ತು. ಮರದ ಜೊತೆ ತಾನೂ ಹಿಗ್ಗಿ ಕುಗ್ಗಿ ಸಂದು ತುಂಬುವ ಗುಣ ಉಣ್ಣೆಗಿದೆ, ಟೆಫ್ಲಾನ್‌ಗೆ ಇಲ್ಲ. ಹವೆ ಬದಲಾದಾಗ ಕೀಲುಗಳು ಟಿಕ್ ಟಿಕ್ ಎನ್ನತೊಡಗಿದವು. 1980ರ ದಶಕದ ಆರಂಭದಲ್ಲಿ ಕಾರ್ಖಾನೆ ಮತ್ತೆ ಬಟ್ಟೆಗೆ ಮರಳಿತು.

ಎಣ್ಣೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಅತಿ ಹೆಚ್ಚು ಪಿಯಾನೊಗಳನ್ನು ಕೆಡಿಸಿದ ಒಳ್ಳೆಯ ಉದ್ದೇಶ ಇದು. ಕಿರುಗುಟ್ಟುವ ಬಾಗಿಲಿಗೆ ಹಾಕುವ ಹಾಗೆ ಕೀಲಿಗೂ ಎರಡು ಹನಿ ಎಂದು ಕೈ ಹೋಗುತ್ತದೆ. ಕೊಬ್ಬರಿ ಎಣ್ಣೆಯಾದರೆ ಕಿಲುಬಿಗೆ ಬೇಕಾದ ಕೊಬ್ಬಿನಾಮ್ಲಗಳನ್ನು ನಾವೇ ಬಡಿಸಿದ ಹಾಗಾಯಿತು. ಹೊಲಿಗೆ ಯಂತ್ರದ ಎಣ್ಣೆ ಆ ಆಮ್ಲ ಕೊಡದಿದ್ದರೂ ಉಣ್ಣೆಯಲ್ಲಿ ನಿಂತು ಧೂಳನ್ನು ಹಿಡಿದು ಕೆಸರಾಗುತ್ತದೆ, ಮರಕ್ಕಿಳಿದು ಮುಂದೆ ಯಾವ ಅಂಟೂ ಹಿಡಿಯದಂತೆ ಮಾಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳದು ಇನ್ನೂ ಮೋಸದ ಆಟ. ಅದರ ದ್ರಾವಕ ಜಿಡ್ಡನ್ನು ಕರಗಿಸಿದ್ದರಿಂದ ಮೊದಲ ವಾರ ಕೀ ಹಗುರವಾಗಿ ಓಡುತ್ತದೆ. ದ್ರಾವಕ ಆರಿದ ಮೇಲೆ ಉಳಿದ ಎಣ್ಣೆ ತನ್ನ ಕೆಲಸ ಶುರುಮಾಡುತ್ತದೆ. ಅದು ಹರಿದು ತಂತಿ ಬಿಗಿಯುವ ಗೂಟಗಳ ಮರದ ಹಲಗೆಗೆ ಸೇರಿತೋ, ಗೂಟಗಳು ಹಿಡಿತ ಕಳೆದುಕೊಂಡು ಶ್ರುತಿಯೇ ನಿಲ್ಲುವುದಿಲ್ಲ.

ಸೂಜಿ ಬದಲಿಸುವ ಕೆಲಸವನ್ನು ಒಮ್ಮೆಯಾದರೂ ಹತ್ತಿರ ಕೂತು ನೋಡಬೇಕು. ಸುತ್ತಿಗೆಗಳಿಗೆಲ್ಲ ಸಂಖ್ಯೆ ಬರೆದು ಒಂದನ್ನು ಬಿಚ್ಚುತ್ತಾರೆ. ಚಿಕ್ಕ ಇಕ್ಕಳದಂಥ ಸಾಧನದಿಂದ ಹಳೆಯ ಸೂಜಿಯನ್ನು ಮರ ಸೀಳದಂತೆ ಹೊರದೂಡುತ್ತಾರೆ. ನವಿರಾದ ಅರದಿಂದ ಬಟ್ಟೆಯ ತೂತನ್ನು ಒಂದೆರಡು ಸುತ್ತು ಸವರುತ್ತಾರೆ. ಬಳಿಕ ಅರ್ಧ ಅಳತೆ ದಪ್ಪನೆಯ ಹೊಸ ಸೂಜಿ ಹಾಕುತ್ತಾರೆ. ಈ ‘ಅರ್ಧ ಅಳತೆ’ ಎಂದರೆ ಮಿಲಿಮೀಟರ್‌ನ ನಲವತ್ತನೇ ಒಂದು ಭಾಗ, ತಲೆಗೂದಲಿಗಿಂತ ತೆಳು. ಅಷ್ಟರ ವ್ಯತ್ಯಾಸದಲ್ಲೇ ಕೀಲು ಒಂದೋ ಹಿಡಿಯುತ್ತದೆ, ಇಲ್ಲವೇ ಗಲಗಲ ಅಲುಗುತ್ತದೆ. ಪರೀಕ್ಷೆಗೆ ಉಪಕರಣ ಬೇಡ. ಸುತ್ತಿಗೆಯನ್ನು ಕೀಲಿನಿಂದ ತೂಗುಬಿಟ್ಟು ಒಂದು ಪಕ್ಕಕ್ಕೆ ಎತ್ತಿ ಕೈಬಿಟ್ಟರೆ, ಅದು ನಾಲ್ಕರಿಂದ ಏಳು ಸಲ ಆಚೀಚೆ ತೂಗಿ ನಿಲ್ಲಬೇಕು. ಒಂದೆರಡಕ್ಕೇ ನಿಂತರೆ ಬಿಗಿ. ಹತ್ತು ದಾಟಿದರೆ ಸಡಿಲ. ಬಡಿಯುವಾಗ ತಲೆ ಅಡ್ಡಾದಿಡ್ಡಿ ಹೊರಳಿ ನಾದ ಕೆಡುತ್ತದೆ. ನುರಿತವರ ಬೆರಳು ಇದನ್ನು ಎಣಿಸದೆಯೇ ಹೇಳುತ್ತದೆ. 88 ಸುತ್ತಿಗೆಗಳೂ ಒಂದೇ ರೀತಿ ತೂಗುವಂತಾದಾಗ ಆ ವಾದ್ಯದಲ್ಲಿ ಮೆಲುಸ್ವರ ನುಡಿಸಲು ಸಾಧ್ಯವಾಗುತ್ತದೆ. ಅಬ್ಬರದ ಸ್ವರ ಹೇಗೋ ಹೊರಡುತ್ತದೆ. ಕೀಲಿನ ಬಿಗಿತ ಮೊದಲು ನುಂಗುವುದು ಪಿಸುದನಿಯನ್ನು.

ಕಬ್ಬಿಣದ ಕಥೆ ಬೇರೆ. ಪಿಯಾನೊದಲ್ಲಿ ಸುಮಾರು 230 ಉಕ್ಕಿನ ತಂತಿಗಳು ಒಟ್ಟಾಗಿ 18ರಿಂದ 20 ಟನ್‌ಗಳಷ್ಟು ಸೆಳೆತ ಹೊತ್ತು ನಿಂತಿವೆ. ಉಕ್ಕಿಗೆ ತುಕ್ಕು ಹಿಡಿಯಲು ಅದರ ಮೇಲೆ ನೀರು ಬೀಳಬೇಕಾಗಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ವೆರ್ನನ್ ಎಂಬ ವಿಜ್ಞಾನಿ ತೋರಿಸಿದ ಹಾಗೆ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ರ ಆಸುಪಾಸು ದಾಟುತ್ತಿದ್ದಂತೆ, ಮಲಿನ ಗಾಳಿಯಲ್ಲಿ ತುಕ್ಕಿನ ವೇಗ ಒಮ್ಮೆಲೇ ಏರುತ್ತದೆ. ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕಟ್ಟುವುದು ಆಗ. ಕಡಲ ಗಾಳಿಯ ಉಪ್ಪು ಕೂತಿದ್ದರೆ ಅದಕ್ಕಿಂತ ಕಡಿಮೆ ತೇವದಲ್ಲೂ ಪೊರೆ ಕಟ್ಟುತ್ತದೆ, ಏಕೆಂದರೆ ಉಪ್ಪು ತಾನೇ ನೀರನ್ನು ಸೆಳೆಯುತ್ತದೆ. ಬೆವರಿದ ಕೈಯಿಂದ ತಂತಿ ಮುಟ್ಟಿದ ಗುರುತು ವರ್ಷಗಳ ನಂತರ ಬೆರಳಿನ ಆಕಾರದ ತುಕ್ಕಾಗಿ ಕಾಣುವುದೂ ಇದೇ ಕಾರಣಕ್ಕೆ.

ತಂತಿಯ ಮೈಮೇಲಿನ ತೆಳು ತುಕ್ಕು ನೋಡಲು ಕೆಟ್ಟದಾದರೂ ಅಪಾಯ ಹೆಚ್ಚಿರುವುದು ತಂತಿ ಲೋಹದ ಮೇಲೆ ಬಾಗಿ ಒರಗುವ ಕಡೆಗಳಲ್ಲಿ. ಅಲ್ಲಿ ತುಕ್ಕು ತಂತಿಯನ್ನೂ ಅದರ ಆಸರೆಯನ್ನೂ ಬೆಸೆದಿರುತ್ತದೆ. ಶ್ರುತಿ ಏರಿಸಲು ಗೂಟವನ್ನು ತಿರುಗಿಸಿದರೆ ಸೆಳೆತವೆಲ್ಲ ಗೂಟದ ಕಡೆಯ ತುಂಡಿನಲ್ಲೇ ಉಳಿದು ತಂತಿ ಕಡಿಯುತ್ತದೆ. ಬಲ್ಲ ಟ್ಯೂನರ್‌ಗಳು ಏರಿಸುವ ಮೊದಲು ಕೊಂಚ ಇಳಿಸುತ್ತಾರೆ. ‘ಟಿಕ್’ ಎಂದು ಬೆಸುಗೆ ಬಿಟ್ಟ ಸದ್ದು ಕೇಳಿದ ಮೇಲೆ ನಿಧಾನವಾಗಿ ಮೇಲೇರುತ್ತಾರೆ. ಮಂದ್ರದ ತಂತಿಗಳಿಗೆ ತಾಮ್ರದ ಸುತ್ತು ಇರುತ್ತದೆ. ಸುತ್ತುಗಳ ನಡುವೆ ಕಿಲುಬು, ಧೂಳು ತುಂಬಿ ಅವು ಒಂದರ ಮೇಲೊಂದು ಉಜ್ಜತೊಡಗಿದರೆ ನಾದದ ಮೇಲಿನ ಸಹಸ್ವರಗಳು ಸತ್ತು, ಡಬ್ಬ ಬಡಿದ ಸದ್ದು ಉಳಿಯುತ್ತದೆ. ಕೀಗಳು ಕೂತಿರುವ ಕಂಬಿಗಳಿಗೂ ತುಕ್ಕು ಬರುತ್ತದೆ. ಅವನ್ನು ಬಿಚ್ಚಿ ಉಜ್ಜಿ ಹೊಳಪು ಕೊಟ್ಟರೆ ಸಾಕು. ದುರಸ್ತಿಯ ಕೆಲಸಗಳಲ್ಲಿ ಇಷ್ಟು ಸುಲಭಕ್ಕೆ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ಹಿತ್ತಾಳೆಗೆ ಇನ್ನೊಂದು ಶತ್ರು ಇದೆ, ಅದರ ಪತ್ತೆಗೂ ನಮ್ಮ ಮಳೆಗಾಲಕ್ಕೂ ಸಂಬಂಧವಿದೆ. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇರಿಸಿದ್ದ ತೋಟಾಗಳ ಹಿತ್ತಾಳೆ ಕವಚಗಳು ಯಾರೂ ಮುಟ್ಟದೆ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ತೇವ, ಜೊತೆಗೆ ಕವಚ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗುವು, ಮೂರೂ ಸೇರಿದಾಗ ಹಿತ್ತಾಳೆ ಸೀಳುತ್ತದೆ ಎಂಬುದನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ವಿವರಿಸಿದರು. ಕೆಲವು ಹಳೆಯ ಅಮೆರಿಕನ್ ಅಪ್‌ರೈಟ್ ಪಿಯಾನೊಗಳಲ್ಲಿ ಸುತ್ತಿಗೆಯ ಸೂಜಿಯನ್ನು ಹಿತ್ತಾಳೆ ಪಟ್ಟಿಯ ನಾಲಿಗೆಗಳಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಸದಾ ಬಿಗುವಿನಲ್ಲಿರುವ ಆ ನಾಲಿಗೆಗಳು ದಶಕಗಳ ನಂತರ ಬಿಸ್ಕತ್ತಿನಂತೆ ಮುರಿಯುತ್ತವೆ. ಇಲಿ ಗೂಡು ಕಟ್ಟಿದ ಪಿಯಾನೊದಲ್ಲಂತೂ ಅಮೋನಿಯಾಕ್ಕೆ ಕೊರತೆಯಿಲ್ಲ.

ಸೀಸವನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ ಅದೂ ಕೀಯನ್ನು ಹಿಡಿಯುತ್ತದೆ. ಸಮತೋಲಕ್ಕೆಂದು ಕೀಯ ಮರದೊಳಗೆ ಕೂರಿಸಿದ ಸೀಸದ ಬಿಲ್ಲೆಗಳು ಮರದಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿಗೆ ಸಿಕ್ಕಿ ಬಿಳಿಪುಡಿಯಾಗುತ್ತವೆ. ಜರ್ಮನಿಯ ಲ್ಯೂಬೆಕ್ ನಗರದ ಸಂತ ಯಾಕೋಬಿ ಚರ್ಚಿನ ಶತಮಾನಗಳ ಹಳೆಯ ಆರ್ಗನ್ ಕೊಳವೆಗಳನ್ನು ತಿಂದದ್ದೂ ಓಕ್ ಮರದ ಇದೇ ಆವಿ. ಪುಡಿಯಾದ ಸೀಸ ಮೂಲಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಿಲ್ಲೆ ಉಬ್ಬಿ ಪಕ್ಕದ ಕೀಗೆ ಉಜ್ಜುತ್ತದೆ, ಕೆಲವೊಮ್ಮೆ ಕೀಯ ಮರವನ್ನೇ ಸೀಳುತ್ತದೆ. ಆ ಪುಡಿ ವಿಷ. ಊದಬಾರದು, ಒಣಗಿದ್ದಾಗ ಉಜ್ಜಬಾರದು. ಮುಖಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ದೂರವಿಡಬೇಕು.

ಇಷ್ಟೂ ತೊಂದರೆಗಳಿಗೆ ಕೈಹಾಕುವ ಮೊದಲು, ಹಾಕಿದ ಮೇಲೂ, ಗಮನಿಸಬೇಕಾದದ್ದು ವಾದ್ಯದೊಳಗಿನ ಗಾಳಿ. ನಮ್ಮ ಕರಾವಳಿಯ ಮಳೆಗಾಲದ ಒಂದು ಕೋಣೆಯಲ್ಲಿ 28 ಡಿಗ್ರಿ ಉಷ್ಣತೆ, ಶೇಕಡಾ 85 ಆರ್ದ್ರತೆ ಇದೆ ಎನ್ನಿ. ಪಿಯಾನೊದೊಳಗಿನ ಗಾಳಿಯನ್ನು ಐದು ಡಿಗ್ರಿ ಬಿಸಿ ಮಾಡಿದರೆ, ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ ಆರ್ದ್ರತೆ ಸುಮಾರು 64ಕ್ಕೆ ಇಳಿಯುತ್ತದೆ. ಬಿಸಿ ಗಾಳಿಗೆ ಹೆಚ್ಚು ನೀರಾವಿ ಹೊರುವ ಶಕ್ತಿ ಇರುವುದೇ ಇದಕ್ಕೆ ಕಾರಣ. ಸೆಕೆನಾಡುಗಳಲ್ಲಿ ಪಿಯಾನೊದೊಳಗೆ ಸಣ್ಣ ಬಲ್ಬ್ ಉರಿಸಿಡುವ ಹಳೆಯ ರೂಢಿಯ ಹಿಂದಿನ ಭೌತಶಾಸ್ತ್ರ ಇಷ್ಟೇ. ಅದು ತಂತುವಿನ ಬಲ್ಬ್ ಆಗಿರಬೇಕಿತ್ತು. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಬೇಕಾದಷ್ಟು ಬಿಸಿ ಬರುವುದಿಲ್ಲ. ಪಿಯಾನೊಗೆಂದೇ ಮಾಡಿದ ಕಾಯಿಸುವ ಕೊಳವೆಗಳು ಸಿಗುತ್ತವೆ, ತೇವ ನೋಡಿ ತಾನೇ ಆರಿ ಉರಿಯುವ ನಿಯಂತ್ರಕದ ಜೊತೆಗೆ. ನಿಯಂತ್ರಕ ಇಲ್ಲದೆ ವರ್ಷವಿಡೀ ಉರಿಸುವುದು ತಪ್ಪು. ಬೆಂಗಳೂರಿನ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಆರ್ದ್ರತೆ 30ಕ್ಕಿಂತ ಕೆಳಗಿಳಿಯುತ್ತದೆ. ಆಗ ಇನ್ನಷ್ಟು ಒಣಗಿಸಿದರೆ ನಾದದ ಹಲಗೆ ಬಿರಿಯುತ್ತದೆ. ಅಗ್ಗದ ಒಂದು ಆರ್ದ್ರತಾಮಾಪಕವನ್ನು ಗೋಡೆಗೆ ತೂಗುಹಾಕುವ ಬದಲು ಪಿಯಾನೊದೊಳಗೇ ಇಟ್ಟು, ಮುಳ್ಳು 45ರಿಂದ 55ರ ನಡುವೆ ಇರುವಂತೆ ಮಳೆಗಾಲ ಬೇಸಿಗೆ ಎರಡರಲ್ಲೂ ನೋಡಿಕೊಳ್ಳಬೇಕು.